ಭಾಲ್ಕಿಗೆ ಮಂಜೂರಾದ ತಿಂಡಿ

ಮೈಸೂರು ರಾಜ್ಯದ ಹಿರಿಯ ಅಧಿಕಾರಿಯೊಬ್ಬರು ಭಾಲ್ಕಿ ರೈಲ್ವೆ ನಿಲ್ದಾಣದಲ್ಲಿ ಒಂದು ಬೆಳಿಗ್ಗೆ ಹಸಿದುಕೊಂಡಿದ್ದರು. ಬೀದರ ಜಿಲ್ಲೆಯಲ್ಲಿ ಅದಕ್ಕೂ ಮುಂಚೆ ಯಾರೂ ಹಸಿದಿರಲಿಲ್ಲ ಎಂದಲ್ಲ. ಆದರೆ ಸರಕಾರಿ ಪ್ರವಾಸದಲ್ಲಿದ್ದು, ಮೊದಲ ದರ್ಜೆಯ ಡಬ್ಬಿಯಿಂದ ಇಳಿದು, ಕೊರಳಲ್ಲಿ ಹೂಮಾಲೆ ಹಾಕಿಸಿಕೊಂಡು ಹಸಿದವರು ಅವರೇ ಮೊದಲಿಗರು. ಆದಕಾರಣ ಈ ಸಂಗತಿಯನ್ನು ಬುಡದಿಂದ ಹೇಳುವುದು ಅಗತ್ಯವಾಗಿದೆ.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ತಿಂಗಳಾಗಿದ್ದವು. ಸೇರಿದ್ದು ನಕಾಶೆಯಲ್ಲಿ. ರೈಲು ಇನ್ನೂ ಸೇರಿರಲಿಲ್ಲ. ಬೆಂಗಳೂರಿನಿಂದ ಭಾಲ್ಕಿಗೆ ಬರುವವರು ಸ್ವಂತ ರಾಜ್ಯ ಬಿಟ್ಟು, ಪರರಾಜ್ಯ ಹೊಕ್ಕು, ಅಲ್ಲಿ ಗಾಡಿ ಬದಲಿಸಿ, ಹಿತ್ತಲ ಬಾಗಿಲಿನಿಂದ ಮತ್ತೆ ಸ್ವಂತ ರಾಜ್ಯದೊಳಗೆ ಬರಬೇಕಿತ್ತು. ಅಷ್ಟು ದೂರ ಬರುವುದರೊಳಗೆ ಸಾಮಾನ್ಯ ಮನುಷ್ಯ ತಾನು ಹೊರಟ ಕಾರಣವನ್ನೇ ಮರೆತುಬಿಡುತ್ತಾನೆ. ಅಧಿಕಾರಿಗಳಿಗೆ ಆ ತೊಂದರೆ ಇರಲಿಲ್ಲ. ಅವರು ಬಂದ ಮೇಲೆ ಕಾರಣ ಹುಡುಕಿಕೊಳ್ಳುತ್ತಿದ್ದರು.

ಭಾಲ್ಕಿಯ ತಹಶೀಲ್ ಕಚೇರಿಯಲ್ಲಿ ಕಾಶೀರಾಮ ಎಂಬ ಪೇಶಕಾರ ಇದ್ದ. ತಹಶೀಲದಾರರ ಮುಂದೆ ಕಾಗದ ಇಡುವುದು, ಆ ಕಾಗದಕ್ಕೆ ಅವರು ಏನು ಹುಕುಂ ಬರೆಯಬೇಕೆಂದು ಪಿಸುಗುಡುವುದು, ಬರೆದ ಮೇಲೆ ಎಂಥಾ ಹುಕುಂ ಎಂದು ಹೊಗಳುವುದು ಅವನ ಕೆಲಸ. ಊರು ಹಲಬರ್ಗಾ. ದಿನಾ ಬೆಳಿಗ್ಗೆ ಗಾಡಿ ಹತ್ತಿ ಭಾಲ್ಕಿಗೆ ಬಂದು, ಸಂಜೆಯ ಗಾಡಿಯಲ್ಲಿ ಮರಳುತ್ತಿದ್ದ. ಮನೆಯಲ್ಲಿ ಕನ್ನಡ ಆಡುತ್ತಿದ್ದ, ಸಂತೆಯಲ್ಲಿ ಮರಾಠಿ ಆಡುತ್ತಿದ್ದ, ಕಚೇರಿಯಲ್ಲಿ ಉರ್ದು ಬರೆಯುತ್ತಿದ್ದ. ಕನ್ನಡವನ್ನು ಬರೆಯಲೂ ಬರುತ್ತದೆ ಎಂಬುದು ಅವನಿಗೆ ನವೆಂಬರ್ ಒಂದನೇ ತಾರೀಖಿಗೆ ಗೊತ್ತಾಯಿತು.

ಗೊತ್ತಾದ ಕೆಲವು ದಿನಕ್ಕೆ ಸುತ್ತೋಲೆ ಬಂತು. ಕಚೇರಿಯ ನೌಕರರೆಲ್ಲರೂ ಕನ್ನಡ ಪರೀಕ್ಷೆಯಲ್ಲಿ ಪಾಸಾಗತಕ್ಕದ್ದು. ನಾಪಾಸಾದವರನ್ನು ಹಾಲಿ ಹುದ್ದೆಯಿಂದ ಬಿಡಿಸಿ ದಫ್ತರಖಾನೆಗೆ ಹಾಕಲಾಗುವುದು. ಭಾಲ್ಕಿಯ ದಫ್ತರಖಾನೆಯೆಂದರೆ ಹಳೆಯ ಉರ್ದು ಕಾಗದಗಳನ್ನು ಗಂಟು ಕಟ್ಟಿ ಒಟ್ಟಿದ್ದ, ಕಿಟಕಿಯಿಲ್ಲದ ಕೋಣೆ. ಅಲ್ಲಿ ಕೂತವನ ಮುಂದೆ ಯಾರೂ ಅರ್ಜಿ ಹಿಡಿದು ನಿಲ್ಲುವುದಿಲ್ಲ, ಯಾರೂ ರಾಮರಾಮ ಎನ್ನುವುದಿಲ್ಲ. ಗೆದ್ದಲು ಮಾತ್ರ ತಪ್ಪದೆ ಹಾಜರಿರುತ್ತದೆ. ಕಾಶೀರಾಮನಿಗೆ ಆ ಕೋಣೆ ಕನಸಿನಲ್ಲಿ ಬರತೊಡಗಿತು.

ಅವನ ಹೆಂಡತಿ ಅನುಸೂಯಾಬಾಯಿಗೆ ಇದು ಅರ್ಥವಾಗಲಿಲ್ಲ. "ಲಗ್ನ ಆದಾಗಿಂದ ನನಗ ಕನ್ನಡದಾಗೇ ಬೈದೀರಿ. ಒಂದಿನಾ ತಪ್ಪಿಲ್ಲ. ಈಗ ಪರೀಕ್ಷಾ ಅಂದ್ರ ಯಾಕ ಹೆದರ್ತೀರಿ?" ಎಂದು ಕೇಳಿದಳು.

"ಬೈಯೋದು ಬ್ಯಾರೆ, ಬರಿಯೋದು ಬ್ಯಾರೆ," ಎಂದ ಕಾಶೀರಾಮ.

ಹಲಬರ್ಗಾದ ಸಾಲಿಯಲ್ಲಿ ವಿಲ್ಸನ ಎಂಬ ಮಾಸ್ತರರಿದ್ದರು. ಭಾಲ್ಕಿಯಲ್ಲಿ ನರ್ಸ್ ಆಗಿದ್ದ ತಂಗಿ ನವೊಮಿಯ ಮನೆಗೆ ಆಗಾಗ ಅದೇ ಗಾಡಿಗೆ ಹೋಗುತ್ತಿದ್ದರು. ಅವರು ಡಬ್ಬಿಯ ಬಾಕಿನ ಮೇಲೆ ಪಾಟಿ ಇಟ್ಟು ಕಾಶೀರಾಮನಿಗೆ ಬರವಣಿಗೆ ಕಲಿಸಿದರು. ಅವರ ಕನ್ನಡ ಪ್ರಾರ್ಥನಾ ಮಂದಿರದ ಕನ್ನಡ. ಹೀಗಾಗಿ ಕಾಶೀರಾಮನ ಟಿಪ್ಪಣಿಗಳಲ್ಲಿ ಕಂದಾಯ ಕಟ್ಟಿದವರು 'ಧನ್ಯರು' ಆದರು, ಕಟ್ಟದವರು 'ದಾರಿ ತಪ್ಪಿದವರು' ಆದರು. ವಸೂಲಿ ಒಂದು ಪೈಯೂ ಹೆಚ್ಚಲಿಲ್ಲ. ಆದರೆ ಕಚೇರಿಗೆ ಒಂದು ಗಾಂಭೀರ್ಯ ಬಂತು.

ಪರೀಕ್ಷೆ ತೆಗೆದುಕೊಳ್ಳಲು ಪುಟ್ಟರಂಗಯ್ಯನವರು ಬರುತ್ತಾರೆಂದು ನಿಶ್ಚಯವಾಯಿತು. ಅವರು ಕನ್ನಡದ ವಿಶೇಷಾಧಿಕಾರಿ. ಭಾಲ್ಕಿ ಕಚೇರಿಯ ಅಂಗಳದಲ್ಲಿ ಸರಕಾರಿ ರೇಡಿಯೊ ಉದ್ಘಾಟಿಸಿ, ಹಾಗೆಯೇ ನೌಕರರ ಕನ್ನಡವನ್ನೂ 'ಮಾತು ಮತ್ತು ನಡವಳಿಕೆಯಿಂದ' ಅಳೆದು ಹೋಗುವುದು ಅವರ ಕಾರ್ಯಕ್ರಮವಾಗಿತ್ತು. ಇವರೇ ಹಿಂದೊಮ್ಮೆ ಇನ್ನೊಂದು ಸುತ್ತೋಲೆ ಹೊರಡಿಸಿದ್ದರು: ಹೊಸದಾಗಿ ಸೇರಿದ ಪ್ರದೇಶದ ಜನರ ರೂಢಿ ಸಂಪ್ರದಾಯಗಳು ಎಷ್ಟೇ ವಿಚಿತ್ರವಾಗಿ ಕಂಡರೂ, ಅಧಿಕಾರಿಗಳು ಹಣೆ ಗಂಟಿಕ್ಕದೆ ಅವುಗಳಲ್ಲಿ ಪಾಲ್ಗೊಳ್ಳತಕ್ಕದ್ದು. ಈ ಸುತ್ತೋಲೆ ಮುಂದೆ ಉಪಯೋಗಕ್ಕೆ ಬಂತು.

ಸಾಹೇಬರು ಬರುವ ಹಿಂದಿನ ದಿನ ಬೀದರಿನಿಂದ ರೈಲ್ವೆಯ ಫೋನಿನಲ್ಲಿ ಸೂಚನೆ ಬಂತು. ಭಾಲ್ಕಿಯ ಸ್ಟೇಶನ್ ಮಾಸ್ತರ ಬರ್ನಬಾಸ ಅದನ್ನು ಕೇಳಿಸಿಕೊಂಡು, ಎದುರಿಗೆ ನಿಂತಿದ್ದ ಕಾಶೀರಾಮನಿಗೆ ಒಂದಕ್ಷರ ಬಿಡದೆ ಒಪ್ಪಿಸಿದ: "ಸಾಹೇಬರಿಗೆ ಬೆಳಿಗ್ಗೆ ಎದ್ದ ಕೂಡಲೇ ತಿಂಡಿ. ತಡವಾದರೆ ಸಿಟ್ಟು. ಜೊತೆಯಲ್ಲಿ ಬರುವವರಿಗೂ ತಿಂಡಿ. ನಿಲ್ದಾಣದಲ್ಲಿಯೇ ತಕ್ಕ ವ್ಯವಸ್ಥೆ ಮಾಡತಕ್ಕದ್ದು."

ಇಲ್ಲಿ ಒಂದು ವಿವರಣೆ ಬೇಕು. ಮೈಸೂರಿನ ಕಡೆ ತಿಂಡಿಯೆಂದರೆ ಇಡ್ಲಿ, ದೋಸೆ, ಉಪ್ಪಿಟ್ಟು. ಭಾಲ್ಕಿಯ ಕಡೆ ಇವಕ್ಕೆಲ್ಲ ನಾಷ್ಟಾ ಎನ್ನುತ್ತಾರೆ. ತಿಂಡಿಯೆಂದರೆ ಮೈ ತುರಿಕೆ. ಕಾರಣವಿಲ್ಲದೆ ಜಗಳ ತೆಗೆಯುವವನಿಗೂ 'ತಿಂಡಿ ಬಂದದೇನು?' ಎಂದು ಕೇಳುವುದುಂಟು. ಒಟ್ಟಿನಲ್ಲಿ ಅದನ್ನು ಕೆರೆದುಕೊಳ್ಳಬಹುದು, ತೀರಿಸಿಕೊಳ್ಳಬಹುದು. ತಿನ್ನಲು ಬರುವುದಿಲ್ಲ.

ಬರ್ನಬಾಸ ಫೋನು ಕೆಳಗಿಟ್ಟು ಮರುಗಿದ. "ಜೊತಿಗಿ ಬರವರಿಗೂ ಹತ್ತ್ಯಾದ ನೋಡ್ರಿ, ಪಾಪ."

"ಹತ್ತದೇ ಏನ್ ಮಾಡ್ತದರಿ? ಬೆಂಗಳೂರಿಂದ ಒಂದೇ ಡಬ್ಬಿದಾಗ ಕುಂತಾರ," ಎಂದ ಕಾಶೀರಾಮ.

ಸಂಗತಿ ತಹಶೀಲದಾರ ಮುಜೀಬೋದ್ದೀನ ಸಾಹೇಬರಿಗೆ ಮುಟ್ಟಿತು. ಅವರ ಕನ್ನಡ ಪೂರ್ತಿ ಕಾಶೀರಾಮನ ಮೇಲೆ ನಿಂತಿತ್ತು.

"ತಿಂಡಿ ಅಂದರೆ?"

"ಖುಜಲಿ, ಸಾಬ್."

ಮುಜೀಬೋದ್ದೀನ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಇಂಥಾದ್ದೆಲ್ಲ ಸರಕಾರಿ ಸೂಚನಾದಾಗ ಯಾಕ ಹೇಳ್ತಾರ?"

"ಮೈಸೂರಿನವರು ಏನೂ ಮುಚ್ಚಿಡೋದಿಲ್ರಿ ಸಾಬ್. ಅದಕ್ಕೇ ಅವರದು ಮಾದರಿ ರಾಜ್ಯ."

ಕಾಶೀರಾಮನಿಗೆ ಇದು ದೇವರು ಕೊಟ್ಟ ಅವಕಾಶವಾಗಿ ಕಂಡಿತು. ಪರೀಕ್ಷೆಯ ಮೊದಲ ಪ್ರಶ್ನೆ ಫೋನಿನಲ್ಲಿ ತಾನಾಗಿ ಬಂದಿದೆ. ಕನ್ನಡದ ಸೂಚನೆ ಕನ್ನಡದವನಿಗೆ ತಿಳಿಯಿತೋ ಇಲ್ಲವೋ ಎಂಬುದನ್ನು ವ್ಯವಸ್ಥೆಯೇ ಹೇಳಬೇಕು. ಅವನು ಕೆಲಸಕ್ಕೆ ನಿಂತ. ಮಿಶನ್ ದವಾಖಾನೆಯ ನವೊಮಿಗೆ ಹೇಳಿ ಗಂಧಕದ ಮುಲಾಮು ತರಿಸಿದ. ನಿಲ್ದಾಣದ ಹಿಂದೆ ಕಲ್ಲು ಹೂಡಿ, ಹಂಡೆಗಳಲ್ಲಿ ಬೇವಿನ ಸೊಪ್ಪು ಕುದಿಯಲು ಇಡಿಸಿದ. ತಂಗುವ ಕೋಣೆಗೆ ಪಡದೆ ಕಟ್ಟಿಸಿದ. ಪ್ಲಾಟ್‌ಫಾರಂ ಮೇಲೆ ಖಾಸಿಂ ಅಲಿ ಎಂಬುವನ ಅಂಗಡಿಯಿತ್ತು. ಬೆಳಿಗ್ಗೆ ಅಲ್ಲಿ ಪೂರಿ, ಬಟಾಟಿ ಪಲ್ಯ, ಚಹಾ ಸಿಗುತ್ತಿದ್ದವು. ಕರಿದ ಎಣ್ಣೆಯ ವಾಸನೆಗೆ ತಿಂಡಿ ಕೆರಳುತ್ತದೆ ಎಂಬ ಕಾರಣದಿಂದ ಅದನ್ನು ಮುಚ್ಚಿಸಲಾಯಿತು. ಊರಲ್ಲಿ ಡಂಗುರವೂ ಆಯಿತು:

'ಸಾಹೇಬರ ಎದುರಿನಲ್ಲಿ ಯಾರೂ ಮೈ ಕೆರೆದುಕೊಳ್ಳಕೂಡದು. ಕೆರೆದುಕೊಂಡರೆ ಅಣಕವೆಂದು ತಿಳಿಯಲಾಗುವುದು. ನಿಜವಾಗಿ ತುರಿಸುವವರು ಮುಂಚಿತವಾಗಿ ಅರ್ಜಿ ಕೊಟ್ಟು, ತುರಿಸುವ ಜಾಗ ನಮೂದಿಸಿ, ಪರವಾನಗಿ ಪಡೆಯತಕ್ಕದ್ದು.'

ಕೆಲವರು ಪಡೆದರು.

ಗಾಡಿ ತಡವಾಗಿ ಬಂತು. ಪುಟ್ಟರಂಗಯ್ಯನವರು ಇಳಿದರು. ಜರಿಪೇಟ, ಕರಿಕೋಟು, ಬಿಳಿಪಂಚೆ. ಹಿಂದಿನ ರಾತ್ರಿ ಗಾಡಿ ಬದಲಿಸುವ ಗಡಿಬಿಡಿಯಲ್ಲಿ ಅವರಿಗೆ ಊಟ ಸಿಕ್ಕಿರಲಿಲ್ಲ. ಮಾಲೆ ಬಿತ್ತು, ಬ್ಯಾಂಡು ಮೊಳಗಿತು. ಅವರು ಸುತ್ತ ನೋಡಿ, ಮುಂದೆ ಕೈಮುಗಿದು ನಿಂತ ಕಾಶೀರಾಮನನ್ನು ಮೆಲ್ಲಗೆ ಕೇಳಿದರು.

"ತಿಂಡಿ ಎಲ್ಲಿ?"

"ಅದು ಸಾಹೇಬರೇ ತೋರಿಸ್ಬೇಕ್ರಿ."

"ನಾನು ತೋರಿಸಬೇಕೆ?"

"ನಾಚಿಕಿ ಬ್ಯಾಡ್ರಿ. ಒಳಗ ಪಡದಾ ಕಟ್ಸೇನಿ. ಒಣಾದಿರಲಿ, ಹಸೀದಿರಲಿ, ಎರಡಕ್ಕೂ ವ್ಯವಸ್ಥಾ ಆಗ್ಯಾದ."

ಪಡದೆಯ ಹಿಂದೆ ತಿನ್ನುವ ರೂಢಿ ಪುಟ್ಟರಂಗಯ್ಯನವರಿಗೆ ಹೊಸದಲ್ಲ. ಮಡಿವಂತರ ಊರು ಎಂದುಕೊಂಡರು. ಒಳಗೆ ಹೋದರೆ ಹಂಡೆಯಲ್ಲಿ ಹಸಿರು ನೀರು ಹೊಗೆಯಾಡುತ್ತಿತ್ತು. ಮೊದಲು ಸ್ನಾನ ಎಂದಳು ನವೊಮಿ. ಸ್ನಾನ ಮಾಡದೆ ಬಾಯಿಗೆ ಏನೂ ಹಾಕದ ಮನೆತನ ಅವರದು. ಸಂತೋಷದಿಂದ ಮಿಂದರು. ಆಮೇಲೆ ಮುಲಾಮಿನ ಡಬ್ಬಿ ಬಂದಾಗ ಕ್ಷಣ ಹೊತ್ತು ತಡೆದರು. ತಮ್ಮ ಸುತ್ತೋಲೆ ನೆನಪಾಯಿತು. ಹಣೆ ಗಂಟಿಕ್ಕದೆ ಪಾಲ್ಗೊಂಡರು. ಅವರು ಪಾಲ್ಗೊಂಡದ್ದನ್ನು ನೋಡಿ ಜೊತೆಗೆ ಬಂದವರೂ ಸಾಲಾಗಿ ಅಂಗಿ ಕಳಚಿದರು. ಗಂಧಕದ ವಾಸನೆ ಗೂಡ್ಸ್ ಶೆಡ್ಡಿನವರೆಗೆ ಹೋಯಿತು.

ಕೋಟು ತೊಟ್ಟು ಹೊರಗೆ ಬಂದು ಪುಟ್ಟರಂಗಯ್ಯನವರು ಮತ್ತೆ ಕೇಳಿದರು. "ಸರಿ, ಇನ್ನು ತಿಂಡಿ?"

"ಇನ್ನ ಬರೋದಿಲ್ರಿ," ಎಂದ ಕಾಶೀರಾಮ, ಎದೆ ಉಬ್ಬಿಸಿ.

"ಬರೋದೇ ಇಲ್ಲವೆ?"

"ತಿಂಗಳ ಮಟಾ ಬರೋದಿಲ್ಲ. ಮತ್ತ ಬಂದ್ರ ಒಂದ್ ಫೋನ್ ಮಾಡ್ರಿ, ನಾವೇ ಬರ್ತೇವಿ."

ಅತಿಥಿಗೆ ತಿಂಗಳುಗಟ್ಟಲೆ ಉಪವಾಸ ಹೇರುವ ಸಂಪ್ರದಾಯ ಪುಟ್ಟರಂಗಯ್ಯನವರ ಸುತ್ತೋಲೆಗೂ ಹೊಳೆದಿರಲಿಲ್ಲ. ಆದರೆ ಒಂದನ್ನು ಗಮನಿಸಿದರು: ಈ ಪೇಶಕಾರ ತಡವರಿಸದೆ ಕನ್ನಡದಲ್ಲಿ ಉತ್ತರ ಕೊಡುತ್ತಾನೆ.

ಮಧ್ಯಾಹ್ನದೊಳಗೆ ಕಚೇರಿಯ ಅಂಗಳ ತುಂಬಿತು. ಮುಲಾಮು ಹಚ್ಚಿದ ದಿನ ಪಥ್ಯವೆಂದು ಸಾಹೇಬರಿಗೆ ಊಟವನ್ನೂ ಇಟ್ಟಿರಲಿಲ್ಲ. ರೇಡಿಯೊವನ್ನು ಮೇಜಿನ ಮೇಲೆ ಇಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆಯಲಾಯಿತು. ಗುಂಡಿ ತಿರುಗಿಸಿದಾಗ ಅದು 'ಗುರ್' ಎಂದಿತು. ಮೈಸೂರಿನ ಭಾಷೆ ಸ್ವಲ್ಪ ಗಡುಸು ಎಂದು ಜನ ಮಾತಾಡಿಕೊಂಡರು. ಟೆಲಿವಿಷನ್ ಬರಲು ಇನ್ನೂ ಬಹಳ ವರ್ಷಗಳಿದ್ದ ಕಾರಣ, ಎಲ್ಲರೂ ರೇಡಿಯೊವನ್ನೇ ಕಣ್ಣು ಮಿಟುಕಿಸದೆ ನೋಡುತ್ತ ಕೂತರು. ಮುಂದೆ ಬಂದ ಯಂತ್ರಕ್ಕೆ ಬೇಕಾದ ಅಭ್ಯಾಸ ಜನರಿಗೆ ಹೀಗೆ ಮೊದಲೇ ಆಗಿತ್ತು.

ಆಮೇಲೆ ಭಾಷಣ. ಪುಟ್ಟರಂಗಯ್ಯನವರು ರಾಜ್ಯದ ಏಕೀಕರಣದ ಬಗ್ಗೆ ಮಾತಾಡಬೇಕಿತ್ತು. ಹೊಟ್ಟೆ ಬೇರೆ ವಿಷಯ ಎತ್ತಿಕೊಂಡಿತು. ಮೈಕಿನ ಮುಂದೆ ನಿಂತು, "ಮಹಾಜನರೇ, ತಿಂಡಿ ಇಲ್ಲದವನ ಸಂಕಟ ನನಗೆ ಈ ದಿನ ತಿಳಿಯಿತು. ಈ ತಾಲ್ಲೂಕಿನ ಪ್ರತಿಯೊಂದು ಶಾಲೆಯ ಪ್ರತಿಯೊಂದು ಮಗುವಿಗೂ ದಿನಾ ಬೆಳಿಗ್ಗೆ ತಿಂಡಿ ಬರುವಂತೆ ಮಾಡುವವರೆಗೆ ನಮ್ಮ ಸರ್ಕಾರ ವಿರಮಿಸುವುದಿಲ್ಲ" ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡರು. ಪರವಾನಗಿ ಪಡೆದವರೂ ಕೆರೆದುಕೊಳ್ಳುವುದನ್ನು ನಿಲ್ಲಿಸಿದರು.

ಆಗ ಔರಾದದ ಮುಖಂಡ ಮಚ್ಛೇಂದ್ರ ಎದ್ದು ನಿಂತ. ಔರಾದಕ್ಕೆ ರೈಲಿಲ್ಲ. ಎತ್ತಿನ ಗಾಡಿಯಲ್ಲಿ ಕಮಲನಗರಕ್ಕೆ ಬಂದು, ಅಲ್ಲಿಂದ ರೈಲು ಹಿಡಿದು ಬಂದಿದ್ದ. ಆ ಸಿಟ್ಟು ಅವನಿಗೆ ಯಾವತ್ತೂ ಇತ್ತು.

"ಭಾಲ್ಕಿಗಷ್ಟೇ ಯಾಕ್ರಿ ಸಾಹೇಬ್ರೇ? ಔರಾದದ ಮಕ್ಕಳು ಏನ್ ಪಾಪ ಮಾಡ್ಯಾವ?"

ಪಕ್ಕದಲ್ಲಿ ಕೂತವನು ಅವನ ಧೋತರ ಜಗ್ಗಿ, ಸಾಹೇಬರು ಕೊಡುತ್ತಿರುವುದು ತುರಿಕೆ ಎಂದು ಎಚ್ಚರಿಸಿದ.

"ಗೊತ್ತದ," ಎಂದ ಮಚ್ಛೇಂದ್ರ. "ಸರಕಾರ ಕೊಡೋದು ತುರಿಕಿನೇ ಇರ್ಲಿ, ನಮ್ಮ ಪಾಲು ನಮಗ ಬರ್ಬೇಕು. ಇವತ್ತ ತಿಂಡಿ ಬಿಟ್ಟು ಕುಂತ್ರ ನಾಳಿ ರೈಲೂ ಇವರೇ ಹೊಡೀತಾರ."

ಈ ಮಾತಿನಲ್ಲಿದ್ದ ದೂರದೃಷ್ಟಿ ಎಲ್ಲರಿಗೂ ಹಿಡಿಸಿತು. ಭಾಲ್ಕಿಯವರಿಗೆ ತಮಗೆ ಸಿಕ್ಕ ತಿಂಡಿಯ ಬೆಲೆ ಆ ಕ್ಷಣ ಗೊತ್ತಾಯಿತು. ತಾಯಂದಿರು ಮಕ್ಕಳನ್ನು ಸೆರಗಿನಿಂದ ಹೊರಗೆ ಬಿಟ್ಟರು. ಔರಾದಕ್ಕೂ ಅಷ್ಟೇ ತಿಂಡಿ ಎಂದು ಸಾಹೇಬರು ಸಾರಿದಾಗ ಭಾಲ್ಕಿಯವರು ಅದನ್ನು ವಿರೋಧಿಸಿ ಘೋಷಣೆ ಕೂಗಿದರು. ವರದಿ ತಂತಿಯ ಮೂಲಕ ಬೆಂಗಳೂರಿಗೆ ಹೋಯಿತು.

ಸಂಜೆಯ ಗಾಡಿಗೆ ಸಾಹೇಬರನ್ನು ಬೀಳ್ಕೊಡಲು ಕಾಶೀರಾಮ ನಿಲ್ದಾಣಕ್ಕೆ ಬಂದ. ಖಾಸಿಂ ಅಲಿಯ ಅಂಗಡಿ ಮತ್ತೆ ತೆರೆದಿತ್ತು. ಎಣ್ಣೆಯಲ್ಲಿ ಪೂರಿ ಉಬ್ಬುತ್ತಿತ್ತು. ಪುಟ್ಟರಂಗಯ್ಯನವರು ದರ್ಜೆ, ಪೇಟ ಎರಡನ್ನೂ ಮರೆತು ಬಾಕಿನ ಮೇಲೆ ಕುಳಿತು ತಟ್ಟೆಯ ಮೇಲೆ ತಟ್ಟೆ ಖಾಲಿ ಮಾಡಿದರು. ಕೈ ತೊಳೆದುಕೊಂಡು ಹೇಳಿದರು.

"ಇದಪ್ಪಾ ತಿಂಡಿ ಅಂದ್ರೆ."

ಕಾಶೀರಾಮ ಪೂರಿಯನ್ನು ನೋಡಿದ. ಸಾಹೇಬರನ್ನು ನೋಡಿದ. ಬೆಳಗಿನಿಂದ ನಡೆದದ್ದೆಲ್ಲ ಒಂದೊಂದಾಗಿ ಬೇರೆ ಅರ್ಥದಲ್ಲಿ ಅವನ ಮುಂದೆ ಬಂದು ನಿಂತಿತು. ಅದರ ಹಿಂದೆಯೇ ದಫ್ತರಖಾನೆಯ ಬಾಗಿಲೂ ತೆರೆಯಿತು. ಅವನ ಮುಖ ನೋಡಿ ಪುಟ್ಟರಂಗಯ್ಯನವರಿಗೂ ಏನೋ ಹೊಳೆಯಿತು.

"ಯಾಕ್ರೀ, ನಿಮ್ಮ ಕಡೆ ತಿಂಡಿ ಅಂದ್ರೆ ಏನು?"

ಸುಳ್ಳು ಹೇಳಬಹುದಿತ್ತು. ಆದರೆ ಸಾಹೇಬರ ಕಿವಿಯ ಹಿಂದೆ ಮುಲಾಮು ಇನ್ನೂ ಹಳದಿಯಾಗಿ ಕಾಣುತ್ತಿತ್ತು.

"ತುರಿಕಿ ರೀ," ಎಂದ.

"ಸಭೇಲಿ ನಾನು ಮಕ್ಕಳಿಗೆ ಕೊಡ್ತೀನಿ ಅಂದದ್ದು?"

"ಅದೇ ರೀ."

"ಔರಾದಿನವರು ಕೇಳಿದ್ದು?"

"ಅದನ್ನೇ ರೀ. ತಿಳಕೊಂಡೇ ಕೇಳ್ಯಾರ."

ಗಾಡಿ ಒಂದು ಸಲ ಕೂಗಿತು. ಬರ್ನಬಾಸ ಹಸಿರು ಬಾವುಟ ಸುತ್ತಿಕೊಂಡು ದೂರ ನಿಂತಿದ್ದ. ಕನ್ನಡ ಗೊತ್ತಿಲ್ಲದವರನ್ನು ಹುಡುಕಲು ಬಂದವರು ಬೆಂಗಳೂರಿಗೆ ಹೋಗಿ ಏನೆಂದು ಹೇಳಬೇಕು ಎಂದು ಪುಟ್ಟರಂಗಯ್ಯನವರು ಯೋಚಿಸಿದರು. ಮೈತುಂಬ ಗಂಧಕ ಬಳಿಸಿಕೊಂಡೆ ಎನ್ನುವಂತಿಲ್ಲ. ಸಭೆಯಲ್ಲಿ ಮಕ್ಕಳಿಗೆ ತುರಿಕೆ ಹಂಚುವುದಾಗಿ ಮಾತು ಕೊಟ್ಟೆ ಎನ್ನುವಂತಿಲ್ಲ. ಕಾಶೀರಾಮ ಕೈಕಟ್ಟಿ ಕಾದ. ಅವನ ನೌಕರಿ ಈ ಮನುಷ್ಯನ ಒಂದು ಸಹಿಯಲ್ಲಿತ್ತು. ಈ ಮನುಷ್ಯನ ಮರ್ಯಾದೆ ಕಾಶೀರಾಮನ ಬಾಯಲ್ಲಿತ್ತು.

"ಹಾಗಾದ್ರೆ ನಮ್ಮಿಬ್ಬರಲ್ಲಿ ಕನ್ನಡ ಬಾರದೋರು ಯಾರು?" ಎಂದು ಕೇಳಿದರು ಪುಟ್ಟರಂಗಯ್ಯ.

"ಪರೀಕ್ಷಾ ತಗೊಳ್ಳವರು ನೀವು. ನೀವ್ ಹ್ಯಾಂಗ ಅಂತೀರಿ ಹಾಂಗ."

"ಇಬ್ಬರಿಗೂ ಬರುತ್ತೆ ಅಂತ ಬರೀತೀನಿ."

"ಬರೀರಿ."

ಪುಟ್ಟರಂಗಯ್ಯನವರು ಡಬ್ಬಿ ಹತ್ತಿದರು. ವಾಸನೆಗೆ ಉಳಿದ ಪ್ರಯಾಣಿಕರು ಇಳಿದು ಬೇರೆ ಕಡೆ ಹೋದ ಕಾರಣ, ಹಲಬರ್ಗಾ, ಬೀದರ ದಾಟಿ ಬಹಳ ದೂರ ಕಾಲು ಚಾಚಿಕೊಂಡು ಮಲಗಿ ಹೋದರು.

ಯೋಜನೆ ಮಂಜೂರಾಯಿತು. ಬೆಂಗಳೂರಿನಲ್ಲಿ ಅದು ಮಕ್ಕಳ ತಿಂಡಿ ಯೋಜನೆ ಎಂಬ ಹೆಸರಿನಲ್ಲಿ ಉಪ್ಪಿಟ್ಟಿಗೆಂದು ಮಂಜೂರಾಯಿತು. ಭಾಲ್ಕಿಯಲ್ಲಿ ಅದೇ ಹೆಸರಿನಲ್ಲಿ ಮುಲಾಮಿಗೆ ಖರ್ಚಾಯಿತು. ರವೆಯನ್ನು ಇಲಿ ತಿನ್ನುತ್ತದೆ, ಗಂಧಕವನ್ನು ತಿನ್ನುವುದಿಲ್ಲ ಎಂದು ಕಾಶೀರಾಮ ಟಿಪ್ಪಣಿಯಲ್ಲಿ ಕಾಣಿಸಿದ್ದ. ಮುಲಾಮಿನ ಗುತ್ತಿಗೆ ಔರಾದದ ಮಚ್ಛೇಂದ್ರನ ಅಳಿಯನಿಗೆ ಸಿಕ್ಕಿತು. ಅಂದಿನಿಂದ ಮಚ್ಛೇಂದ್ರ ರೈಲಿನ ಮಾತು ಎತ್ತಲಿಲ್ಲ. ಲೆಕ್ಕ ತಪಾಸಣೆಯವರು ಬಂದು, ಮಕ್ಕಳು ತಿಂಡಿ ತಿಂದ ಬಗ್ಗೆ ಪುರಾವೆ ಇಲ್ಲವಲ್ಲ ಎಂದು ಆಕ್ಷೇಪ ಬರೆದರು. 'ತಿನ್ನಿಸುವ ಪದ್ಧತಿ ಈ ಭಾಗದಲ್ಲಿ ಇಲ್ಲ, ಹಚ್ಚಲಾಗಿದೆ' ಎಂದು ಉತ್ತರ ಹೋಯಿತು. ಪ್ರಾದೇಶಿಕ ಸಂಪ್ರದಾಯದ ಸುತ್ತೋಲೆಯನ್ನು ಜೊತೆಗೆ ಲಗತ್ತಿಸಲಾಗಿತ್ತು. ಆಕ್ಷೇಪ ಕೈಬಿಡಲಾಯಿತು.

ಮೇಲಿನಿಂದ ಒಮ್ಮೆ ಪ್ರಶ್ನೆ ಬಂತು: ನಿಮ್ಮಲ್ಲಿ ಎಷ್ಟು ಮಕ್ಕಳಿಗೆ ತಿಂಡಿ ಇದೆ? ತಾಲ್ಲೂಕಿನ ಸಾಲಿ ಮಾಸ್ತರರು ಮೊದಲು ಇದ್ದದ್ದನ್ನೇ ಬರೆದರು. ಕಡಿಮೆ ತಿಂಡಿ ಇದ್ದರೆ ಕಡಿಮೆ ಅನುದಾನ ಎಂದು ತಿಳಿದ ಮೇಲೆ ಎಲ್ಲರಿಗೂ ಇದೆ ಎಂದು ತಿದ್ದಿದರು. ಅತಿ ಹೆಚ್ಚು ತಿಂಡಿಯುಳ್ಳ ತಾಲ್ಲೂಕು ಎಂದು ಭಾಲ್ಕಿಯನ್ನು ಅಭಿನಂದಿಸಿ ಪತ್ರ ಬಂತು. ಔರಾದದವರು ಇದನ್ನು ಪ್ರತಿಭಟಿಸಿದರು.

ಪದದ ಅರ್ಥದ ಬಗ್ಗೆ ಮುಂದೆ ಗೊಂದಲ ಆಗದಿರಲೆಂದು ಪುಟ್ಟರಂಗಯ್ಯನವರ ಸಹಿಯ ಒಂದು ವಿವರಣೆ ಎಲ್ಲ ಕಚೇರಿಗಳಿಗೂ ತಲುಪಿತು: 'ತಿಂಡಿ ಎಂದರೆ, ತಿಂಡಿಯೆಂದು ಸರ್ಕಾರದಿಂದ ಮಂಜೂರಾದದ್ದು.' ಮುಜೀಬೋದ್ದೀನ ಸಾಹೇಬರು ಈ ವ್ಯಾಖ್ಯೆಯನ್ನು ಉರ್ದುವಿಗೆ ತರ್ಜುಮೆ ಮಾಡಿಸಿ ಓದಿದರು. ಇಷ್ಟು ಸ್ಪಷ್ಟವಾದ ಕನ್ನಡ ತಾವು ಕಂಡಿಲ್ಲವೆಂದರು.

ಕಾಶೀರಾಮ ಪರ್ಮನೆಂಟಾಗಿ ಪೇಶಕಾರನಾಗಿ ಉಳಿದ. ಅಷ್ಟೇ ಅಲ್ಲ, ಸಾಲಿ ಮಾಸ್ತರರೂ ಸೇರಿ ತಾಲ್ಲೂಕಿನ ಎಲ್ಲ ನೌಕರರ ಕನ್ನಡ ಪರೀಕ್ಷಕನೂ ಆದ. ಮನೆಗೆ ಬಂದು ಹೇಳಿದಾಗ ಅನುಸೂಯಾಬಾಯಿ, ಇನ್ನು ಮೇಲಾದರೂ ಬೈಯುವಾಗ ವ್ಯಾಕರಣ ನೋಡಿಕೊಂಡು ಬೈಯಿರಿ ಎಂದಳು.

ಆ ವರ್ಷದ ಕೊನೆಗೆ ಹಲಬರ್ಗಾದ ವಿಲ್ಸನ ಮಾಸ್ತರರಿಂದ ಒಂದು ಪತ್ರ ಬಂತು. ದುಂಡಗಿನ ಅಕ್ಷರದಲ್ಲಿ, ಒಂದು ಕಾಗುಣಿತವೂ ತಪ್ಪದೆ ಹೀಗೆ ಬರೆದಿದ್ದರು: 'ನಮ್ಮ ಸಾಲಿಯ ಮಕ್ಕಳಿಗೆ ತುರಿಕೆ ಇಲ್ಲ. ಹಸಿವು ಇದೆ. ದಯಮಾಡಿ ತಿನ್ನುವ ತಿಂಡಿ ಕಳಿಸಬೇಕು.' ಕಾಶೀರಾಮ ಅದನ್ನು ಎರಡು ಸಲ ಓದಿದ. ಅಕ್ಷರ ಕಲಿಸಿದ ಗುರುವಿನ ಕೈಬರಹ. ಅಂದು ಸಂಜೆ ಅವನು ಪಾಟಿ ಹಿಡಿದು ಕಲಿತ ಎಂದಿನ ಡಬ್ಬಿ ಬಿಟ್ಟು ಹಿಂದಿನ ಡಬ್ಬಿ ಹತ್ತಿ ಊರಿಗೆ ಹೋದ. ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಪತ್ರವನ್ನು ಸರ್ಕಾರದ ವಿವರಣೆಯ ಪಕ್ಕಕ್ಕೆ ಇಟ್ಟು ನೋಡಿದ. 'ತಿನ್ನುವ ತಿಂಡಿ' ಎಂಬ ಪ್ರಯೋಗ ವಿವರಣೆಗೆ ಹೊಂದುತ್ತಿರಲಿಲ್ಲ. ಅಂಚಿನಲ್ಲಿ 'ದಾರಿ ತಪ್ಪಿದವರು' ಎಂದು ಬರೆದು ಸಹಿ ಹಾಕಿದ.

ವಿಲ್ಸನ ಮಾಸ್ತರರು ಕನ್ನಡದಲ್ಲಿ ನಾಪಾಸಾದರು. ದಫ್ತರಖಾನೆಯಲ್ಲಿ ಒಂದು ಜಾಗ ಖಾಲಿ ಇತ್ತು.